ಶೀಟಿನ ಮನೆಯ ಸೆಕೆ: ಬಿಸಿಯೇರುವ ನಗರದಲ್ಲಿ ಆರೋಗ್ಯಕ್ಕೆ ಏನಾಗುತ್ತದೆ?

2010ರ ಮೇ ತಿಂಗಳಲ್ಲಿ ಅಹಮದಾಬಾದ್‌ನ ಉಷ್ಣಾಂಶ 46.8 ಡಿಗ್ರಿ ಮುಟ್ಟಿತು. ಆ ಊರಿಗೆ ಬಿಸಿಲು ಹೊಸದೇನಲ್ಲ. ಮೇ ಅಂದರೆ ಅಲ್ಲಿ 42, 43 ಮಾಮೂಲಿ. ಹಾಗಾಗಿ ಅದನ್ನು ಯಾರೂ ದುರಂತ ಅಂತ ಕರೆಯಲಿಲ್ಲ. ಪ್ರವಾಹ ಬಂದರೆ ಮನೆ ಮುಳುಗುತ್ತದೆ, ಚಂಡಮಾರುತ ಬಂದರೆ ಮರ ಉರುಳುತ್ತದೆ, ಟಿವಿಯವರು ಕ್ಯಾಮೆರಾ ಹಿಡಿದು ಓಡುತ್ತಾರೆ. ಸೆಕೆಯಲ್ಲಿ ತೋರಿಸುವುದಕ್ಕೆ ಏನೂ ಇರುವುದಿಲ್ಲ. ಮುಂದೆ ಸಂಶೋಧಕರು ಕೂತು ಸಾವಿನ ದಾಖಲೆಗಳನ್ನು ಲೆಕ್ಕ ಹಾಕಿದರು. ಅಕ್ಕಪಕ್ಕದ ವರ್ಷಗಳ ಮೇ ತಿಂಗಳಿಗೆ ಹೋಲಿಸಿದರೆ ಆ ಒಂದು ತಿಂಗಳಲ್ಲಿ 1,344 ಜನ ಜಾಸ್ತಿ ಸತ್ತಿದ್ದರು. ಶೇಕಡಾ 43ರಷ್ಟು ಹೆಚ್ಚು.

ಅದೇ ಬೇಸಿಗೆಯಲ್ಲಿ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಆಗಷ್ಟೇ ಹುಟ್ಟಿದ ಮಕ್ಕಳ ಮೈ ಸುಡುತ್ತಿತ್ತು. ಕಾಯಿಲೆ ಇಲ್ಲದ ಮಕ್ಕಳನ್ನೂ ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಯಿತು. ಹೆರಿಗೆ ವಾರ್ಡ್ ಇದ್ದದ್ದು ಮೇಲಿನ ಮಹಡಿಯಲ್ಲಿ, ಕಾದ ತಾರಸಿಯ ಕೆಳಗೆ. ಆಮೇಲೆ ಆ ವಾರ್ಡನ್ನು ಕೆಳಗಿನ ಮಹಡಿಗೆ ತಂದರು. ಬಿಸಿಯಿಂದಾಗಿ ಘಟಕಕ್ಕೆ ಸೇರುವ ಶಿಶುಗಳ ಸಂಖ್ಯೆ ಅರ್ಧಕ್ಕಿಂತ ಜಾಸ್ತಿ ಇಳಿಯಿತು. ಇದಕ್ಕೆ ಹೊಸ ಔಷಧಿ ಬೇಕಾಗಲಿಲ್ಲ, ಹೊಸ ಯಂತ್ರವೂ ಬೇಕಾಗಲಿಲ್ಲ.

ಹವಾಮಾನ ಬದಲಾವಣೆ ಮತ್ತು ಆರೋಗ್ಯ ಅಂದ ತಕ್ಷಣ ಕರಗುವ ಹಿಮ, ಏರುವ ಸಮುದ್ರ ಅಂತ ಮಾತು ಎಲ್ಲೆಲ್ಲೋ ಹೋಗುತ್ತದೆ. ನನಗೆ ಆ ಹೆರಿಗೆ ವಾರ್ಡಿನ ಕಥೆಯೇ ಹೆಚ್ಚು ಹೇಳುತ್ತದೆ ಅನಿಸುತ್ತದೆ. ಭೂಮಿ ಬಿಸಿಯಾಗುತ್ತಿರುವುದು ಇಡೀ ಜಗತ್ತಿನ ವಿಷಯ, ನಿಜ. ಆದರೆ ಆ ಬಿಸಿ ಯಾರ ಮೈಗೆ ಎಷ್ಟು ತಟ್ಟಬೇಕು ಅನ್ನುವುದನ್ನು ತೀರ್ಮಾನಿಸುವುದು ನಾವು ಊರು ಕಟ್ಟಿಕೊಂಡಿರುವ ರೀತಿ. ತಲೆಯ ಮೇಲಿನ ಛಾವಣಿ ಯಾವುದು, ರಸ್ತೆಯಲ್ಲಿ ಮರ ಇದೆಯೋ ಇಲ್ಲವೋ, ನಲ್ಲಿಯಲ್ಲಿ ನೀರು ದಿನಾ ಬರುತ್ತದೋ ವಾರಕ್ಕೊಮ್ಮೆಯೋ, ಕೆಲಸ ಶುರುವಾಗುವುದು ಎಷ್ಟು ಹೊತ್ತಿಗೆ, ಇಂಥವು.

ಮೈಯೊಳಗೆ ನಡೆಯುವುದು

ಮನುಷ್ಯನ ಮೈಯ ಒಳಗಿನ ಉಷ್ಣಾಂಶ ಸುಮಾರು 37 ಡಿಗ್ರಿ. ಹೊರಗೆ ಚಳಿಯಿರಲಿ, ಬಿಸಿಲಿರಲಿ, ಅದನ್ನು ಅಲ್ಲೇ ಹಿಡಿದಿಡಲು ದೇಹ ಸದಾ ದುಡಿಯುತ್ತಿರುತ್ತದೆ. ಬಿಸಿ ಹೊರಹಾಕಲು ಅದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಒಳಗಿನ ಬಿಸಿ ರಕ್ತವನ್ನು ಚರ್ಮದ ಹತ್ತಿರ ತಂದು ಶಾಖವನ್ನು ಗಾಳಿಗೆ ಬಿಡುವುದು. ಇದಕ್ಕೆ ಗಾಳಿ ಚರ್ಮಕ್ಕಿಂತ ತಂಪಾಗಿರಬೇಕು. ಬೇಸಿಗೆಯಲ್ಲಿ ಚರ್ಮ ಸುಮಾರು 35 ಡಿಗ್ರಿ ಇರುತ್ತದೆ. ಹೊರಗಿನ ಬಿಸಿ ಅದನ್ನು ದಾಟಿತು ಅಂದರೆ ಗಾಳಿಯೇ ಮೈಗೆ ಶಾಖ ಕೊಡಲು ಶುರು ಮಾಡುತ್ತದೆ. ಆಗ ಉಳಿಯುವುದು ಎರಡನೆಯ ದಾರಿ, ಬೆವರು.

ಬೆವರು ಸುಮ್ನೆ ಸುರಿದರೆ ಪ್ರಯೋಜನವಿಲ್ಲ, ಅದು ಆರಬೇಕು. ಮಣ್ಣಿನ ಮಡಕೆಯಲ್ಲಿ ನೀರು ತಂಪಾಗುವುದು ಹೀಗೇ. ಹೊರಮೈಗೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ಮಳೆಗಾಲದಲ್ಲಿ ಅದೇ ಮಡಕೆಯ ನೀರು ಅಷ್ಟು ತಂಪಾಗುವುದಿಲ್ಲ, ಅಲ್ವಾ? ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ. ಮೈಗೂ ಅದೇ ಕಷ್ಟ. ಕಲಬುರಗಿಯ ಒಣ ಹವೆಯಲ್ಲಿ 40 ಡಿಗ್ರಿಯನ್ನು ನೆರಳಿನಲ್ಲಿ ಕೂತು ಹೇಗೋ ತಡೆದುಕೊಳ್ಳುವವರು ಮಂಗಳೂರಿನ 35ಕ್ಕೆ ಒದ್ದಾಡುವುದು ಇದಕ್ಕೇ. ಭಾರತೀಯ ಹವಾಮಾನ ಇಲಾಖೆಯೂ ಬಿಸಿಗಾಳಿ ಅಂತ ಘೋಷಿಸುವಾಗ ಎಲ್ಲ ಕಡೆ ಒಂದೇ ಅಳತೆ ಬಳಸುವುದಿಲ್ಲ. ಬಯಲು ಸೀಮೆಗೆ ಕನಿಷ್ಠ 40 ಡಿಗ್ರಿ, ಕರಾವಳಿಗೆ 37, ಗುಡ್ಡಗಾಡಿಗೆ 30. ಅದರ ಜೊತೆಗೆ ವಾಡಿಕೆಗಿಂತ ಎಷ್ಟು ಏರಿದೆ ಅನ್ನುವುದನ್ನೂ ನೋಡುತ್ತದೆ.

ಬಿಸಿ ಮತ್ತು ತೇವ ಎರಡನ್ನೂ ಒಟ್ಟಿಗೆ ಹಿಡಿಯುವ ಒಂದು ಅಳತೆ ಇದೆ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಗಾಳಿ ಆಡಿಸಿ ನೋಡುವುದು. ಅದನ್ನು ವೆಟ್ ಬಲ್ಬ್ ಉಷ್ಣಾಂಶ ಅನ್ನುತ್ತಾರೆ. ಅದು 35 ಡಿಗ್ರಿ ಮುಟ್ಟಿದರೆ ನೆರಳಿನಲ್ಲಿ ಸುಮ್ಮನೆ ಕೂತ ಆರೋಗ್ಯವಂತನೂ ಕೆಲವು ಗಂಟೆಗಳಿಗಿಂತ ಹೆಚ್ಚು ಬದುಕುವುದು ಕಷ್ಟ ಅಂತ ಬಹಳ ಕಾಲ ನಂಬಿದ್ದರು. 2022ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಯುವಕರನ್ನು ಕೋಣೆಯೊಳಗೆ ಕೂರಿಸಿ ಅಳೆದಾಗ ಆ ಗಡಿ ಇನ್ನೂ ಕೆಳಗೆ, ತೇವದ ಹವೆಯಲ್ಲಿ ಸುಮಾರು 31ರ ಹತ್ತಿರವೇ ಇದೆ ಅಂತ ಗೊತ್ತಾಯಿತು. ಅದೂ ಗಟ್ಟಿಮುಟ್ಟಾದ ಯುವಕರ ಲೆಕ್ಕ. ಎಪ್ಪತ್ತು ದಾಟಿದ ಅಜ್ಜಿಯ ಲೆಕ್ಕವಲ್ಲ.

ದೇಹ ಸೋಲುವುದು ಹಂತ ಹಂತವಾಗಿ. ಮೊದಲು ಸುಸ್ತು, ತಲೆನೋವು, ಕಾಲಿನ ಸ್ನಾಯು ಹಿಡಿದುಕೊಳ್ಳುವುದು. ಆಮೇಲೆ ವಾಕರಿಕೆ, ತಲೆಸುತ್ತು. ಮೈಯ ಒಳಗಿನ ಉಷ್ಣಾಂಶ 40 ದಾಟಿ, ಮನುಷ್ಯ ಏನೇನೋ ಮಾತಾಡಲು ಶುರು ಮಾಡಿದರೆ ಅಥವಾ ಎಚ್ಚರ ತಪ್ಪಿದರೆ ಅದು ಹೀಟ್ ಸ್ಟ್ರೋಕ್. ಅಲ್ಲಿಂದ ಮುಂದೆ ಮೆದುಳು, ಮೂತ್ರಪಿಂಡ, ಯಕೃತ್ತು ಒಂದೊಂದಾಗಿ ಕೈಕೊಡುತ್ತವೆ.

ಆದರೆ ಬೇಸಿಗೆಯಲ್ಲಿ ಸಾಯುವವರಲ್ಲಿ ಹೆಚ್ಚಿನವರು ಹೀಟ್ ಸ್ಟ್ರೋಕ್‌ನಿಂದ ಸಾಯುವುದಿಲ್ಲ. ಇಲ್ಲೇ ನಮ್ಮ ಲೆಕ್ಕ ತಪ್ಪುವುದು. ಚರ್ಮಕ್ಕೆ ರಕ್ತ ಕಳಿಸಬೇಕು ಅಂದರೆ ಹೃದಯ ಜಾಸ್ತಿ ಹೊಡೆದುಕೊಳ್ಳಬೇಕು. ಬೆವರಿ ಬೆವರಿ ನೀರು ಕಡಿಮೆಯಾದರೆ ರಕ್ತ ಗಟ್ಟಿಯಾಗುತ್ತದೆ, ಮೂತ್ರಪಿಂಡದ ಮೇಲೆ ಒತ್ತಡ ಬೀಳುತ್ತದೆ. ಮೊದಲೇ ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಬಿಪಿ ಇದ್ದವರಿಗೆ ಇಷ್ಟು ಸಾಕು. ಅವರು ಸತ್ತಾಗ ಪ್ರಮಾಣಪತ್ರದಲ್ಲಿ ಹೃದಯಾಘಾತ ಅಂತಲೋ ಮೂತ್ರಪಿಂಡ ವೈಫಲ್ಯ ಅಂತಲೋ ಬರೆಯುತ್ತಾರೆ. ಬರೆದದ್ದು ಸುಳ್ಳಲ್ಲ. ಆದರೆ ಆ ವಾರ ಸೆಕೆ ಹಾಗಿರದಿದ್ದರೆ ಆ ಮನುಷ್ಯ ಬಹುಶಃ ಇನ್ನೂ ಇರುತ್ತಿದ್ದ. ಈ ಕಾರಣಕ್ಕೇ ಸಂಶೋಧಕರು ಪ್ರಮಾಣಪತ್ರದ ಮಾತು ನಂಬದೆ, ವಾಡಿಕೆಗಿಂತ ಎಷ್ಟು ಜನ ಹೆಚ್ಚು ಸತ್ತರು ಅಂತ ಎಣಿಸುತ್ತಾರೆ. 1995ರ ಜುಲೈನಲ್ಲಿ ಷಿಕಾಗೊ ನಗರದಲ್ಲಿ ಹಾಗೆ ಎಣಿಸಿದಾಗ ಸಿಕ್ಕಿದ್ದು 739 ಸಾವು. 2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ 70 ಸಾವಿರಕ್ಕೂ ಹೆಚ್ಚು. ಶ್ರೀಮಂತ ದೇಶಗಳು, ಒಳ್ಳೆಯ ಆಸ್ಪತ್ರೆಗಳು, ಎಲ್ಲ ಇದ್ದೂ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಬಿಪಿಗೆ ಕೊಡುವ, ಮೂತ್ರ ಹೆಚ್ಚು ಹೋಗಿಸುವ ಮಾತ್ರೆಗಳು, ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆಗಳು, ಅಲರ್ಜಿಯ ಕೆಲವು ಮಾತ್ರೆಗಳು ಸೆಕೆ ತಡೆಯುವ ಶಕ್ತಿಯನ್ನು ಕಡಿಮೆ ಮಾಡುತ್ತವೆ. ಹಾಗಂತ ನೀವೇ ನಿಲ್ಲಿಸಬೇಡಿ. ಬೇಸಿಗೆ ಶುರುವಾಗುವ ಮುಂಚೆ ಡಾಕ್ಟರ ಹತ್ತಿರ ಒಮ್ಮೆ ಕೇಳಿ, ಅಷ್ಟೇ.

ರಾತ್ರಿಯೂ ಆರದ ಗೋಡೆ

2024ರ ಮೇ ಕೊನೆಯಲ್ಲಿ ದೆಹಲಿಯ ಮುಂಗೇಶ್‌ಪುರದಲ್ಲಿ 52.9 ಡಿಗ್ರಿ ದಾಖಲಾಯಿತು ಅಂತ ದೇಶವೆಲ್ಲ ಬೆಚ್ಚಿತು. ಆಮೇಲೆ ಹವಾಮಾನ ಇಲಾಖೆ ಪರೀಕ್ಷಿಸಿ, ಅಲ್ಲಿನ ಸೆನ್ಸರ್ ಮೂರು ಡಿಗ್ರಿ ಜಾಸ್ತಿ ತೋರಿಸುತ್ತಿದೆ ಅಂದಿತು. ಅಲ್ಲಿಗೆ ಚರ್ಚೆ ಮುಗಿಯಿತು. ಜೂನ್ ಮಧ್ಯದಲ್ಲಿ ಅದೇ ದೆಹಲಿಯಲ್ಲಿ ಒಂದು ರಾತ್ರಿಯ ಕನಿಷ್ಠ ಉಷ್ಣಾಂಶ 35.2 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಅರ್ಧ ಶತಮಾನದಲ್ಲಿ ಅಷ್ಟು ಬಿಸಿಯಾದ ರಾತ್ರಿ ಅಲ್ಲಿ ಬಂದಿರಲಿಲ್ಲ. ಇದಕ್ಕೆ ಸಿಕ್ಕ ಜಾಗ ಸಣ್ಣದು. ನನ್ನ ಕೇಳಿದರೆ ಎರಡನೆಯದೇ ದೊಡ್ಡ ಸುದ್ದಿ.

ಹಗಲೆಲ್ಲ ದಣಿದ ಹೃದಯಕ್ಕೆ ರಾತ್ರಿ ಬಿಡುವು ಬೇಕು. ಹೊರಗೆ ತಂಪಾದರೆ ಮೈಯ ಬಿಸಿ ಇಳಿಯುತ್ತದೆ, ನಿದ್ದೆ ಬರುತ್ತದೆ, ಮರುದಿನಕ್ಕೆ ಚೈತನ್ಯ ಸಿಗುತ್ತದೆ. ರಾತ್ರಿಯೂ ಕಾದೇ ಇದ್ದರೆ ಮರುದಿನದ ಬಿಸಿಲನ್ನು ಮೈ ಹಿಂದಿನ ದಿನದ ದಣಿವಿನ ಮೇಲೇ ಹೊತ್ತುಕೊಳ್ಳಬೇಕು. ಎರಡನೆಯ ದಿನ, ಮೂರನೆಯ ದಿನ ಹೀಗೇ ಮುಂದುವರಿದಾಗ ಸಾವು ಏರುತ್ತದೆ. ಒಂದೇ ದಿನದ ದಾಖಲೆ ಬಿಸಿಲಿಗಿಂತ ಸತತ ಐದು ದಿನಗಳ ಸಾಧಾರಣ ಸೆಕೆ ಹೆಚ್ಚು ಅಪಾಯಕಾರಿಯಾಗಬಹುದು.

ಊರಿನ ರಾತ್ರಿಗಳು ಹಳ್ಳಿಯ ರಾತ್ರಿಗಳಿಗಿಂತ ಬಿಸಿ ಯಾಕೆ? ಕಾಂಕ್ರೀಟು, ಡಾಂಬರು ಹಗಲಿನ ಶಾಖವನ್ನು ಹೀರಿಟ್ಟುಕೊಂಡು ರಾತ್ರಿ ನಿಧಾನವಾಗಿ ಬಿಡುತ್ತವೆ. ಮಣ್ಣು, ಕೆರೆ, ಮರ ಇದ್ದಲ್ಲಿ ಬಿಸಿಲಿನ ಒಂದು ಪಾಲು ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಊರಲ್ಲಿ ಆ ನೀರೇ ಇಲ್ಲ. ಎತ್ತರದ ಕಟ್ಟಡಗಳ ನಡುವಿನ ಸಂದಿಯಲ್ಲಿ ಗಾಳಿ ಆಡುವುದಿಲ್ಲ. ಇದರ ಮೇಲೆ ವಾಹನಗಳ ಬಿಸಿ, ಎಸಿಗಳು ಹೊರಗೆ ಉಗುಳುವ ಬಿಸಿ. ಎಸಿ ತಂಪನ್ನು ಸೃಷ್ಟಿಸುವುದಿಲ್ಲ. ಒಳಗಿನ ಶಾಖವನ್ನು ಎತ್ತಿ ಪಕ್ಕದ ಮನೆಯವರ ಕಿಟಕಿಯ ಕಡೆಗೆ ಹಾಕುತ್ತದೆ, ಅದಕ್ಕೆ ವಿದ್ಯುತ್ತನ್ನೂ ಸುಡುತ್ತದೆ. ಎಸಿ ಬೇಡ ಅಂತ ನಾನು ಹೇಳುತ್ತಿಲ್ಲ. ಹಾಸಿಗೆ ಹಿಡಿದ ವಯಸ್ಸಾದವರಿಗೆ ಅದು ಪ್ರಾಣ ಉಳಿಸುತ್ತದೆ. ಆದರೆ ಇಡೀ ಊರಿಗೆ ಅದೊಂದೇ ಪರಿಹಾರ ಅಂದರೆ ಬೀದಿ ಇನ್ನಷ್ಟು ಕಾಯುತ್ತದೆ.

ಈಗ ಶೀಟಿನ ಮನೆಯೊಳಗೆ ಬನ್ನಿ. ನಮ್ಮ ಊರುಗಳ ಸ್ಲಂಗಳಲ್ಲಿ, ಕಟ್ಟಡ ಕಾರ್ಮಿಕರ ಶೆಡ್ಡುಗಳಲ್ಲಿ ತಲೆಯ ಮೇಲೆ ಇರುವುದು ಕಲ್ನಾರಿನ ಶೀಟು ಇಲ್ಲವೇ ತಗಡು. ಅದರ ಕೆಳಗೆ ಬೇರೆ ಅಡ್ಡಮಾಳಿಗೆ ಇರುವುದಿಲ್ಲ. ಬಿಸಿಲಿಗೆ ಶೀಟು ಕಾದು ಒಳಗೆ ಕೂತವರ ಮೇಲೆ ನೇರವಾಗಿ ಶಾಖ ಬೀರುತ್ತದೆ. ಕಿಟಕಿ ಒಂದೇ, ಅಥವಾ ಅದೂ ಇಲ್ಲ. ಇದ್ದರೂ ಕಳ್ಳರ ಭಯಕ್ಕೆ, ಸೊಳ್ಳೆಯ ಕಾಟಕ್ಕೆ ರಾತ್ರಿ ಮುಚ್ಚಿರುತ್ತದೆ. ಅದೇ ಕೋಣೆಯಲ್ಲಿ ಅಡುಗೆ. ಒಳಗಿನ ಗಾಳಿ 40 ಡಿಗ್ರಿ ದಾಟಿದ ಮೇಲೆ ಫ್ಯಾನು ಬಿಸಿ ಗಾಳಿಯನ್ನೇ ಮೈಗೆ ಬಡಿಯುತ್ತದೆ. ಆಗ ಮೈ ಒದ್ದೆ ಮಾಡಿಕೊಂಡು ಕೂತರೆ ಮಾತ್ರ ಅದರಿಂದ ಸ್ವಲ್ಪ ಉಪಯೋಗ. ಸೆಕೆಗೆ ಮನೆಯೊಳಗೆ ಇರಿ ಅನ್ನುವ ಸಲಹೆ ಇಂಥ ಮನೆಯಲ್ಲಿರುವ ಬಾಣಂತಿಗೆ, ಅಜ್ಜನಿಗೆ ಹೇಗೆ ಅನ್ವಯಿಸುತ್ತದೆ? ಷಿಕಾಗೊದಲ್ಲಿ ಸತ್ತವರ ಕಥೆಯೂ ಇದಕ್ಕೆ ತೀರಾ ದೂರವಿಲ್ಲ. ಅವರಲ್ಲಿ ಅನೇಕರು ಒಬ್ಬರೇ ಇದ್ದ ವೃದ್ಧರು. ಮೇಲಿನ ಮಹಡಿಯ ಕೋಣೆ, ಭಯಕ್ಕೆ ಮುಚ್ಚಿದ ಕಿಟಕಿ.

ಬೆಂಗಳೂರಿಗೆ ಬಂದರೆ ಕಥೆ ಸ್ವಲ್ಪ ಬೇರೆ. ಒಂದು ಕಾಲಕ್ಕೆ ಇಲ್ಲಿ ಫ್ಯಾನೇ ಇಲ್ಲದ ಮನೆಗಳಿದ್ದವು. ಹಳಬರು ಇವತ್ತಿಗೂ ಅದನ್ನು ಹೆಮ್ಮೆಯಿಂದ ಹೇಳುತ್ತಾರೆ. 2016ರ ಏಪ್ರಿಲ್ 25ರಂದು ಉಷ್ಣಾಂಶ 39.2 ಡಿಗ್ರಿಗೆ ಹೋಯಿತು, ಅದೇ ಈ ಊರಿನ ದಾಖಲೆ. 2024ರ ಏಪ್ರಿಲ್‌ನಲ್ಲಿ ಮಳೆಯೇ ಬೀಳಲಿಲ್ಲ, ತಿಂಗಳ ಕೊನೆಗೆ 38.5 ಆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಉಪಗ್ರಹ ಚಿತ್ರಗಳನ್ನಿಟ್ಟುಕೊಂಡು ಹೇಳುವ ಪ್ರಕಾರ 1973ರಿಂದ ಸುಮಾರು ನಾಲ್ಕು ದಶಕಗಳಲ್ಲಿ ನಗರದ ಹಸಿರು ಶೇಕಡಾ 88ರಷ್ಟು, ಕೆರೆಗಳ ಹರವು ಶೇಕಡಾ 79ರಷ್ಟು ಕುಗ್ಗಿದೆ. ಜಗತ್ತಿನ ಬಿಸಿ ಏರಿದ್ದು ಒಂದು ಕಡೆ. ಊರು ತನ್ನ ಕೈಯಾರೆ ಸೇರಿಸಿಕೊಂಡ ಬಿಸಿ ಇನ್ನೊಂದು ಕಡೆ. ಮೈಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ.

ಒಂದು ಮರ ಎಷ್ಟು ಕೆಲಸ ಮಾಡುತ್ತದೆ ಅನ್ನುವುದನ್ನೂ ಬೆಂಗಳೂರಿನಲ್ಲೇ ಅಳೆದಿದ್ದಾರೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಜೊತೆಗಾರರು ಮರಗಳಿರುವ ಬೀದಿ, ಮರಗಳಿಲ್ಲದ ಬೀದಿ ಎರಡನ್ನೂ ಹೋಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮಧ್ಯಾಹ್ನದ ಹೊತ್ತು ಮರದಡಿಯ ಗಾಳಿ 5.6 ಡಿಗ್ರಿ ತಂಪು. ರಸ್ತೆಯ ಮೇಲ್ಮೈಯಂತೂ 27.5 ಡಿಗ್ರಿ ಕಡಿಮೆ. ರಸ್ತೆ ಅಗಲ ಮಾಡಲು ಮರ ಕಡಿದು, ಬದಲಿಗೆ ಊರಾಚೆ ಹತ್ತು ಸಸಿ ನೆಟ್ಟೆವು ಅನ್ನುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು. ಆ ಬೀದಿಯಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡವರಿಗೆ ಊರಾಚೆಯ ಸಸಿಯ ನೆರಳು ಬೀಳುವುದಿಲ್ಲ.

ಬಿಸಿಲಲ್ಲೇ ದುಡಿಯುವವರು

ಉತ್ತರ ಕರ್ನಾಟಕದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಮತ್ತು ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಬಿಸಿಲಿನ ಹೊತ್ತನ್ನು ಬಿಟ್ಟು ಕೆಲಸದ ಹೊತ್ತನ್ನೇ ಬದಲಿಸುವುದು ಸರಿಯಾದ ಯೋಚನೆ. ಆದರೆ ಅದು ಸಿಕ್ಕಿದ್ದು ಛಾವಣಿಯ ಕೆಳಗೆ, ಫ್ಯಾನಿನ ಕೆಳಗೆ ಕೂರುವವರಿಗೆ. ಗಾರೆ ಕೆಲಸದವರು, ರಸ್ತೆಗೆ ಡಾಂಬರು ಹಾಕುವವರು, ಮೂಟೆ ಹೊರುವ ಹಮಾಲರು, ಬೈಕಿನಲ್ಲಿ ಊಟ ತಲುಪಿಸುವ ಹುಡುಗರು ಇವರ ಹೊತ್ತು ಬದಲಾಗಿಲ್ಲ. ಊಟದ ಆರ್ಡರು ಜಾಸ್ತಿ ಬರುವುದೇ ಮಧ್ಯಾಹ್ನ ಒಂದರಿಂದ ಮೂರರ ನಡುವೆ.

ಹೆಂಗಸರ ಕಷ್ಟ ಇನ್ನೊಂದು ಬಗೆಯದು. ಕೆಲಸದ ಜಾಗದಲ್ಲಿ ಶೌಚಾಲಯ ಇಲ್ಲದಿದ್ದರೆ ಅವರು ಮಾಡುವುದು ಒಂದೇ, ನೀರು ಕುಡಿಯುವುದನ್ನು ಕಡಿಮೆ ಮಾಡುವುದು. ಮೂತ್ರದ ಸೋಂಕು, ಮೂತ್ರಪಿಂಡದ ಕಲ್ಲು ಹೀಗೆ ಬರುತ್ತವೆ. ಬೇಸಿಗೆಯಲ್ಲಿ ನೀರು ಕುಡಿಯಿರಿ ಅನ್ನುವ ಪೋಸ್ಟರಿನ ಪಕ್ಕದಲ್ಲಿ ಒಂದು ಶೌಚಾಲಯ ಇಲ್ಲದಿದ್ದರೆ ಆ ಪೋಸ್ಟರು ಅರ್ಧ ಕೆಲಸ ಮಾಡಿದ ಹಾಗೆ. ತಮಿಳುನಾಡಿನಲ್ಲಿ 800 ಗರ್ಭಿಣಿಯರನ್ನು ಗಮನಿಸಿದ ಒಂದು ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಹೆಚ್ಚು ಸೆಕೆಯಲ್ಲಿ ದುಡಿಯುತ್ತಿದ್ದವರಲ್ಲಿ ಗರ್ಭಪಾತದ ಅಪಾಯ ಸುಮಾರು ಎರಡರಷ್ಟಿತ್ತು. ಅವರು ಗದ್ದೆ, ಇಟ್ಟಿಗೆ ಗೂಡು, ಉಪ್ಪಿನ ಗದ್ದೆಯಂಥ ಕಡೆ ದುಡಿಯುವವರು. ಊರಿನ ಕಟ್ಟಡ ಕೆಲಸದಲ್ಲಿ ಜಲ್ಲಿ ಹೊರುವವರಿಗೂ ಅಪಾಯ ಕಡಿಮೆ ಇರಲು ಕಾರಣವಿಲ್ಲ.

ಸೊಳ್ಳೆಗೆ ಹಿತವಾದ ಊರು

ಬಿಸಿ ಜಾಸ್ತಿಯಾದರೆ ಸೊಳ್ಳೆ ಜಾಸ್ತಿ ಅಂತ ಸಲೀಸಾಗಿ ಹೇಳಿಬಿಡುತ್ತಾರೆ. ವಿಷಯ ಅಷ್ಟು ಸರಳವಿಲ್ಲ, ಸ್ವಲ್ಪ ನಿಧಾನವಾಗಿ ನೋಡೋಣ.

ಡೆಂಗಿ ಹರಡುವುದು ಈಡಿಸ್ ಈಜಿಪ್ಟಿ ಅನ್ನುವ ಸೊಳ್ಳೆ. ಕಾಲಿನ ಮೇಲೆ ಬಿಳಿ ಪಟ್ಟೆ, ಹಗಲು ಹೊತ್ತೇ ಕಚ್ಚುತ್ತದೆ, ಹೆಚ್ಚಾಗಿ ಬೆಳಿಗ್ಗೆ ಮತ್ತು ಸಂಜೆಯ ಮುಂಚೆ. ಡೆಂಗಿ ಇರುವವರನ್ನು ಕಚ್ಚಿದ ಕೂಡಲೇ ಅದು ಇನ್ನೊಬ್ಬರಿಗೆ ಕಾಯಿಲೆ ಹರಡುವುದಿಲ್ಲ. ವೈರಸ್ ಅದರ ಹೊಟ್ಟೆಯಲ್ಲಿ ಬೆಳೆದು ಜೊಲ್ಲಿನ ಗ್ರಂಥಿಗೆ ತಲುಪಬೇಕು. ಅದಕ್ಕೆ ಹಿಡಿಯುವ ಸಮಯ ಉಷ್ಣಾಂಶದ ಮೇಲೆ ನಿಂತಿದೆ. 25 ಡಿಗ್ರಿಯಲ್ಲಿ ಸರಾಸರಿ 15 ದಿನ. 30 ಡಿಗ್ರಿಯಲ್ಲಿ ಆರೂವರೆ ದಿನ. ಸೊಳ್ಳೆಯ ಆಯಸ್ಸೇ ಕೆಲವು ವಾರ. ಹದಿನೈದು ದಿನ ಕಾಯಬೇಕಾದರೆ ಬಹಳಷ್ಟು ಸೊಳ್ಳೆಗಳು ಅಷ್ಟರಲ್ಲೇ ಸತ್ತುಹೋಗುತ್ತವೆ. ಆರೇಳು ದಿನ ಸಾಕು ಅಂದರೆ ಕಾಯಿಲೆ ಹರಡಲು ಬದುಕುಳಿಯುವ ಸೊಳ್ಳೆಗಳ ಸಂಖ್ಯೆ ಎಷ್ಟೋ ಪಟ್ಟು ಏರುತ್ತದೆ. ಒಂದೆರಡು ಡಿಗ್ರಿಯಲ್ಲಿ ಏನಿದೆ ಮಹಾ ಅನ್ನುವವರಿಗೆ ಇದೇ ಉತ್ತರ.

ಹಾಗಂತ ಬಿಸಿ ಏರಿದಷ್ಟೂ ಡೆಂಗಿ ಏರುವುದಿಲ್ಲ. ಹರಡುವಿಕೆ ಅತಿ ಹೆಚ್ಚು ಇರುವುದು 29 ಡಿಗ್ರಿಯ ಆಸುಪಾಸಿನಲ್ಲಿ. ಸುಮಾರು 34, 35 ದಾಟಿದರೆ ಸೊಳ್ಳೆಗೇ ಕಷ್ಟ. ಹಾಗಾಗಿ ಬಿಸಿಯೇರುವಿಕೆಯಿಂದ ಹೆಚ್ಚು ತೊಂದರೆಯಾಗುವುದು ಮೊದಲು ತಂಪಾಗಿದ್ದ ಊರುಗಳಿಗೆ. ರಾಯಚೂರಿನ ಸುಡು ಬೇಸಿಗೆ ಸೊಳ್ಳೆಗೆ ಆಗಿಬರುವುದಿಲ್ಲ. ಬೆಂಗಳೂರು, ಮೈಸೂರು, ಹಾಸನದ ಹವೆ ಅದಕ್ಕೆ ಹಿತವಾದ ಕಡೆಗೇ ಸರಿಯುತ್ತಿದೆ.

ಇನ್ನು ನೀರು. ಮಳೆ ಬಂದರೆ ಸೊಳ್ಳೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಬರಗಾಲದಲ್ಲೂ ಈ ಸೊಳ್ಳೆ ಬೆಳೆಯುತ್ತದೆ, ಯಾಕೆಂದರೆ ಅದಕ್ಕೆ ಬೇಕಿರುವುದು ಮನೆಯೊಳಗಿನ ಚೊಕ್ಕ ನೀರು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಬತ್ತಿದ್ದವು. ನಲ್ಲಿ ನಂಬಿಕೆಯಿಲ್ಲ, ಟ್ಯಾಂಕರ್ ಯಾವಾಗ ಬರುತ್ತದೋ ಗೊತ್ತಿಲ್ಲ ಅಂದಾಗ ಜನ ಏನು ಮಾಡುತ್ತಾರೆ? ಡ್ರಮ್ಮು, ಬಕೆಟ್ಟು, ಕೊಡ, ಸಿಕ್ಕಿದ್ದರಲ್ಲೆಲ್ಲ ತುಂಬಿಡುತ್ತಾರೆ. ಮುಚ್ಚಳ ಇಲ್ಲದ ಡ್ರಮ್ಮು ಈಡಿಸ್‌ಗೆ ಒಳ್ಳೆಯ ಬಾಣಂತಿ ಮನೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಮೊಟ್ಟೆಯನ್ನು ಅದು ಇಡುವುದು ನೀರಿನ ಅಂಚಿಗೆ, ಡ್ರಮ್ಮಿನ ಒಳಗೋಡೆಗೆ. ನೀರು ಚೆಲ್ಲಿ ಒಣಗಿಸಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ಬಿದ್ದಾಗ ಒಡೆಯುತ್ತದೆ. ಅದಕ್ಕೇ ವಾರಕ್ಕೊಮ್ಮೆ ಡ್ರಮ್ಮಿನ ಒಳಗನ್ನು ನಾರಿನಿಂದ ತಿಕ್ಕಿ ತೊಳೆಯಿರಿ ಅನ್ನುವುದು. ಸುಮ್ಮನೆ ಬೋರಲು ಹಾಕಿದರೆ ಸಾಲದು.

ಆ ವರ್ಷ ಕರ್ನಾಟಕದಲ್ಲಿ ಡೆಂಗಿ ಪ್ರಕರಣಗಳು 20 ಸಾವಿರ ದಾಟಿದವು. ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು. ನಗರದ ಮನೆಗೆ 400 ರೂಪಾಯಿ, ಅಂಗಡಿ ಹೋಟೆಲ್‌ಗಳಂಥ ಕಡೆ 1,000, ಕಟ್ಟಡ ಕೆಲಸ ನಡೆಯುವ ಜಾಗ ಮತ್ತು ಖಾಲಿ ಸೈಟಿಗೆ 2,000. ಕೋಟಿಗಟ್ಟಲೆಯ ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಎರಡು ಸಾವಿರ ಯಾವ ಲೆಕ್ಕ? ಈಡಿಸ್ ಹುಟ್ಟಿದ ಜಾಗದಿಂದ ಬಹಳ ದೂರ ಹಾರುವುದಿಲ್ಲ, ಸಾಮಾನ್ಯವಾಗಿ ನೂರಿನ್ನೂರು ಮೀಟರು ಅಷ್ಟೇ. ಹಾಗಾಗಿ ನಿಮ್ಮ ಬೀದಿಯಲ್ಲಿ ಡೆಂಗಿ ಇದೆ ಅಂದರೆ ಸೊಳ್ಳೆಯ ತವರು ನಿಮ್ಮ ಬೀದಿಯಲ್ಲೇ ಎಲ್ಲೋ ಇದೆ.

ಚಿಕೂನ್‌ಗುನ್ಯಾ ತರುವುದೂ ಇದೇ ಸೊಳ್ಳೆ. ಮಲೇರಿಯಾದ ಸೊಳ್ಳೆ ಬೇರೆ, ಆದರೆ ಅದರಲ್ಲೂ ಊರಿಗೆ ಒಗ್ಗಿದ ಒಂದು ಜಾತಿ ಇದೆ, ಅನಾಫಿಲಿಸ್ ಸ್ಟೀಫೆನ್ಸಿ. ತಾರಸಿಯ ಟ್ಯಾಂಕು, ಕಟ್ಟಡ ಕೆಲಸಕ್ಕೆ ನಿಲ್ಲಿಸಿದ ನೀರು ಅದಕ್ಕೆ ಇಷ್ಟ. ಮಂಗಳೂರು ವರ್ಷಗಟ್ಟಲೆ ಮಲೇರಿಯಾದಿಂದ ಬಳಲಿದ್ದಕ್ಕೆ ಇದೂ ಒಂದು ಕಾರಣ. 2012ರಲ್ಲಿ ಈ ಸೊಳ್ಳೆ ಆಫ್ರಿಕಾದ ಜಿಬೂಟಿಯಲ್ಲೂ ಕಾಣಿಸಿಕೊಂಡಿತು. ಹಳ್ಳಿಯ ಕಾಯಿಲೆ ಅಂತ ಇದ್ದ ಮಲೇರಿಯಾಕ್ಕೆ ಅಲ್ಲಿನ ನಗರಗಳೂ ಈಗ ಹೆದರಬೇಕಾಗಿದೆ.

ಮಳೆ ಮತ್ತು ಗಾಳಿ, ಚಿಕ್ಕದಾಗಿ

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ತೇವ ಸುಮಾರು ಶೇಕಡಾ 7ರಷ್ಟು ಏರುತ್ತದೆ. ಹಾಗಾಗಿ ಮಳೆ ಬಂದರೆ ಒಮ್ಮೆಲೇ ಸುರಿಯುವ ಸಾಧ್ಯತೆ ಹೆಚ್ಚು. ಮುಂಬೈಯಲ್ಲಿ 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಸುರಿದು ಊರು ಮುಳುಗಿತು. ನೀರು ಇಳಿದ ಮೇಲೆ ಇಲಿಜ್ವರ ಹರಡಿತು. ಇಲಿಗಳ ಮೂತ್ರ ಸೇರಿದ ಕೊಳಚೆಯಲ್ಲಿ ಜನ ಬರಿಗಾಲಲ್ಲಿ ನಡೆದಿದ್ದರು, ಕಾಲಿನ ಸಣ್ಣ ಗಾಯದಿಂದ ಅದು ಒಳಹೊಕ್ಕಿತು. ನಮ್ಮ ಕಡೆ ಪ್ರವಾಹ ಬಂದಾಗ ಹೆಚ್ಚಿನ ಅಪಾಯ ನೆಲದಡಿಯ ಸಂಪಿಗೆ. ಚರಂಡಿ ನೀರು ಅದಕ್ಕೆ ನುಗ್ಗಿದರೆ ವಾಂತಿ ಭೇದಿ, ಟೈಫಾಯಿಡ್, ಕಾಮಾಲೆ ಎಲ್ಲ ಬರುತ್ತವೆ. ನೀರು ಇಳಿದ ಮೇಲೆ ಸಂಪು ಖಾಲಿ ಮಾಡಿ, ತೊಳೆದು, ಕ್ಲೋರಿನ್ ಹಾಕಿಯೇ ಮತ್ತೆ ತುಂಬಿಸಬೇಕು.

ಗಾಳಿಯ ವಿಷಯದಲ್ಲಿ ಓಝೋನ್ ಒಂದನ್ನು ಹೇಳಬೇಕು. ಆಕಾಶದ ಎತ್ತರದಲ್ಲಿ ಅದು ನಮ್ಮನ್ನು ಕಾಯುತ್ತದೆ. ನೆಲದ ಮಟ್ಟದಲ್ಲಿ ಅದೇ ಶ್ವಾಸಕೋಶವನ್ನು ಕೆರಳಿಸುತ್ತದೆ. ಯಾವ ಹೊಗೆ ಕೊಳವೆಯಿಂದಲೂ ಅದು ನೇರವಾಗಿ ಬರುವುದಿಲ್ಲ. ವಾಹನಗಳ ಹೊಗೆಯ ಅನಿಲಗಳು ಬಿಸಿಲಿನಲ್ಲಿ ಒಂದರೊಡನೊಂದು ಪ್ರತಿಕ್ರಿಯಿಸಿ ಅಲ್ಲಲ್ಲೇ ಓಝೋನ್ ಹುಟ್ಟುತ್ತದೆ. ಬಿಸಿಲು ಜಾಸ್ತಿಯಾದ ಮಧ್ಯಾಹ್ನ ಅಸ್ತಮಾ ಇರುವವರಿಗೆ ಉಸಿರು ಕಟ್ಟುವುದಕ್ಕೆ ಇದೂ ಒಂದು ಕಾರಣ.

ಅಹಮದಾಬಾದ್ ಏನು ಮಾಡಿತು

2010ರ ಸಾವುಗಳ ನಂತರ ಅಹಮದಾಬಾದ್ ಸುಮ್ಮನೆ ಕೂರಲಿಲ್ಲ. ಅಲ್ಲಿನ ನಗರಪಾಲಿಕೆ, ಗಾಂಧಿನಗರದ ಸಾರ್ವಜನಿಕ ಆರೋಗ್ಯ ಸಂಸ್ಥೆ ಮತ್ತು ಇತರರು ಸೇರಿ 2013ರಲ್ಲಿ ಒಂದು ಯೋಜನೆ ಮಾಡಿದರು. ದಕ್ಷಿಣ ಏಷ್ಯಾದಲ್ಲೇ ಮೊದಲ ಹೀಟ್ ಆಕ್ಷನ್ ಪ್ಲಾನ್ ಅದು. ಅದರಲ್ಲಿ ಚಮತ್ಕಾರ ಏನೂ ಇಲ್ಲ. ಎಷ್ಟು ಡಿಗ್ರಿಗೆ ತಮ್ಮ ಊರಲ್ಲಿ ಸಾವು ಏರಲು ಶುರುವಾಗುತ್ತದೆ ಅಂತ ಹಳೆಯ ದಾಖಲೆ ನೋಡಿ ಗುರುತಿಸಿದರು. 41 ದಾಟಿದರೆ ಹಳದಿ, 43 ದಾಟಿದರೆ ಕಿತ್ತಳೆ, 45 ಮುಟ್ಟಿದರೆ ಕೆಂಪು. ಪ್ರತಿ ಬಣ್ಣಕ್ಕೂ ಯಾರು ಏನು ಮಾಡಬೇಕು ಅಂತ ಮೊದಲೇ ಬರೆದಿಟ್ಟರು. ಮೊಬೈಲಿಗೆ ಸಂದೇಶ, ನೀರಿನ ಅರವಟ್ಟಿಗೆ, ಆಸ್ಪತ್ರೆಗಳಲ್ಲಿ ಐಸ್ ಪ್ಯಾಕ್, ಸಿಬ್ಬಂದಿಗೆ ತರಬೇತಿ. ಯೋಜನೆ ಬಂದ ಮೇಲೆ ವರ್ಷಕ್ಕೆ ಸರಾಸರಿ 1,190 ಸಾವು ತಪ್ಪಿರಬಹುದು ಅಂತ 2018ರ ಒಂದು ಅಧ್ಯಯನ ಅಂದಾಜು ಮಾಡಿತು. ಅಂದಾಜಿನಲ್ಲಿ ಹೆಚ್ಚು ಕಡಿಮೆ ಇರಬಹುದು, ಆದರೂ ದಿಕ್ಕು ಸರಿಯಾಗಿದೆ.

ನನಗೆ ಅದರಲ್ಲಿ ಬಹಳ ಹಿಡಿಸಿದ್ದು ಸುಣ್ಣದ ಕೆಲಸ. ಬಡಾವಣೆಗಳ ಛಾವಣಿಗೆ ಬಿಳಿ ಸುಣ್ಣವನ್ನೋ ಬಿಸಿಲು ಹಿಂದಕ್ಕೆ ಎಸೆಯುವ ಬಣ್ಣವನ್ನೋ ಹಚ್ಚಿದರು. ಇಂಥ ಛಾವಣಿಯ ಕೆಳಗೆ ಮನೆ ಎರಡರಿಂದ ಐದು ಡಿಗ್ರಿ ತಂಪಾಗಬಹುದು. ಖರ್ಚು ಕಡಿಮೆ, ಕರೆಂಟು ಬೇಡ, ಪಕ್ಕದ ಮನೆಗೆ ತೊಂದರೆಯಿಲ್ಲ. ಮಳೆಗಾಲ ಕಳೆದರೆ ಮತ್ತೆ ಹಚ್ಚಬೇಕು, ಅದೊಂದು ತಾಪತ್ರಯ. ಬಾಡಿಗೆ ಮನೆಯಾದರೆ ಯಾರು ಹಚ್ಚಬೇಕು ಅನ್ನುವ ಜಗಳ ಬೇರೆ. ಪಾಲಿಕೆಗಳು ಇದನ್ನು ತಮ್ಮ ಖರ್ಚಿನಲ್ಲಿ ಮಾಡಿಬಿಟ್ಟರೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಪ್ರಯೋಗವೂ ಗುಜರಾತಿನದೇ. ಮಧ್ಯಾಹ್ನ ಹೊರಗೆ ಹೋಗಬೇಡಿ ಅಂದರೆ ದಿನಗೂಲಿಯವರು ಸಂಜೆ ಏನು ತಿನ್ನಬೇಕು? ದುಡಿಯುವ ಬಡ ಹೆಂಗಸರ ‘ಸೇವಾ’ (SEWA) ಅನ್ನುವ ಸಂಘಟನೆ 2023ರಲ್ಲಿ ತನ್ನ ಸದಸ್ಯೆಯರಿಗೆ ಒಂದು ವಿಮೆ ತಂದಿತು. ಗೊತ್ತುಮಾಡಿದ ಉಷ್ಣಾಂಶವನ್ನು ಸತತ ಕೆಲವು ದಿನ ದಾಟಿದರೆ ಹಣ ನೇರ ಖಾತೆಗೆ. ಯಾರು ಎಷ್ಟು ನರಳಿದರು ಅಂತ ಸಾಬೀತು ಮಾಡಬೇಕಿಲ್ಲ. ಮೊತ್ತ ದೊಡ್ಡದಲ್ಲ, ಆದರೆ ಒಂದೆರಡು ದಿನ ಮನೆಯಲ್ಲಿ ಕೂರುವ ಧೈರ್ಯ ಬರುತ್ತದೆ.

ಬೆಂಗಳೂರಿಗೂ 2023ರ ನವೆಂಬರಿನಲ್ಲಿ ಹವಾಮಾನ ಕ್ರಿಯಾ ಯೋಜನೆ ಬಂದಿದೆ. ಆದರೆ ಒಂದು ತೊಡಕಿದೆ. ಬಯಲು ಸೀಮೆಯ ಅಳತೆಯ ಪ್ರಕಾರ ಬಿಸಿಗಾಳಿ ಅನ್ನಿಸಿಕೊಳ್ಳಲು ಕನಿಷ್ಠ 40 ಡಿಗ್ರಿ ಬೇಕು. ಬೆಂಗಳೂರಿನ ಸಾರ್ವಕಾಲಿಕ ದಾಖಲೆಯೇ 39.2. ಅಂದರೆ ಊರು ತನ್ನ ಇತಿಹಾಸದಲ್ಲೇ ಅತಿ ಹೆಚ್ಚು ಕಾದ ದಿನವೂ ಆ ಗಡಿ ಮುಟ್ಟಿರಲಿಲ್ಲ. ತಂಪಿಗೆ ಒಗ್ಗಿದ ಮೈಗೆ 37 ಕೂಡ ಜಾಸ್ತಿಯಾಗಬಹುದು. ಹಾಗಾಗಿ ಪ್ರತಿ ಊರೂ ಅಹಮದಾಬಾದಿನ ಹಾಗೆ ತನ್ನದೇ ಸಾವಿನ ದಾಖಲೆ ನೋಡಿ ತನ್ನದೇ ಗಡಿ ಹಾಕಿಕೊಳ್ಳಬೇಕು. ಅದಕ್ಕೆ ವಾರ್ಡುವಾರು, ದಿನದಿನದ ಸಾವಿನ ಅಂಕಿ ಬೇಕು. ಆ ಅಂಕಿ ಪಾಲಿಕೆಯ ಜನನ ಮರಣ ನೋಂದಣಿಯಲ್ಲೇ ಇರುತ್ತದೆ, ಉಷ್ಣಾಂಶದ ಪಕ್ಕದಲ್ಲಿಟ್ಟು ನೋಡಬೇಕು ಅಷ್ಟೇ.

ಯಾರಾದರೂ ಬಿದ್ದರೆ

ಬಿಸಿಲಿನಲ್ಲಿ ಯಾರಾದರೂ ಕುಸಿದು ಬಿದ್ದರೆ, ಮೈ ಸುಡುತ್ತಿದ್ದರೆ, ಮಾತು ತೊದಲುತ್ತಿದ್ದರೆ ಮೊದಲು 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಕಾಯಬೇಡಿ, ತಂಪು ಮಾಡಲು ಆಗಲೇ ಶುರು ಮಾಡಿ. ನೆರಳಿಗೆ ಎಳೆದುಕೊಂಡು ಬಂದು, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಜೋರಾಗಿ ಗಾಳಿ ಬೀಸಿ. ಐಸ್ ಸಿಕ್ಕಿದರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಉಸಿರಿನ ದಾರಿಗೆ ಹೋಗುತ್ತದೆ. ಎಚ್ಚರ ಇದ್ದು ಬರೀ ಸುಸ್ತಾಗಿದ್ದರೆ ಓಆರ್‌ಎಸ್ ಕೊಡಿ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮಟ್ಟ ಮಾಡಿ ಹಾಕಿದ್ದು. ಉಪ್ಪು ಹಾಕಿದ ನೀರುಮಜ್ಜಿಗೆ ಕೊಟ್ಟರೂ ಆಗುತ್ತದೆ. ಪ್ಯಾರಸಿಟಮಾಲ್ ಕೊಟ್ಟು ಸಮಯ ಕಳೆಯಬೇಡಿ. ಸೋಂಕಿನಿಂದ ಬಂದ ಜ್ವರಕ್ಕೆ ಅದು ಸರಿ, ಹೊರಗಿನ ಬಿಸಿಯಿಂದ ಕಾದ ಮೈಗೆ ಅದರಿಂದ ಪ್ರಯೋಜನವಿಲ್ಲ. ಆಂಬುಲೆನ್ಸ್ ಹತ್ತಿಸಿದ ಮೇಲೂ ಒದ್ದೆ ಬಟ್ಟೆ ತೆಗೆಯಬೇಡಿ, ದಾರಿಯುದ್ದಕ್ಕೂ ನೀರು ಚಿಮುಕಿಸುತ್ತಲೇ ಇರಲು ಹೇಳಿ.